ತಿರುಗುವ ಕುರ್ಚಿಗೆ ಹೊರಟ ರೇಡಿಯೋ

ಗ್ರಂಥಾಲಯದಲ್ಲಿ ಎಲ್ಲರೂ ಅವಳನ್ನು ರೇಡಿಯೋ ಎಂದೇ ಕರೆಯುತ್ತಿದ್ದರು. ಅದರಲ್ಲಿ ಕೊಂಕೇನೂ ಇರಲಿಲ್ಲ, ಹೋಲಿಕೆ ಅಷ್ಟು ಸರಿಯಾಗಿತ್ತು. ಬೆಳಿಗ್ಗೆ ಬಾಗಿಲು ತೆಗೆಯುವಾಗ ಶುರುವಾದ ಮಾತು ಸಂಜೆ ದೀಪ ಆರಿಸುವವರೆಗೆ ನಡೆಯುತ್ತಿತ್ತು. ಕೇಳುವವರು ಇದ್ದಾರೋ ಇಲ್ಲವೋ ಎಂಬ ಚಿಂತೆ ರೇಡಿಯೋಗೆ ಇರುವುದಿಲ್ಲ. ಇವಳಿಗೂ ಇರಲಿಲ್ಲ.

ಅವಳ ಜಾಗ ಹಿಂದಿನ ಕೋಣೆ. ಓದುಗರು ಹಿಂತಿರುಗಿಸಿದ ಪುಸ್ತಕಗಳು ಮೊದಲು ಅಲ್ಲಿಗೆ ಬರುತ್ತವೆ. ಅವುಗಳ ಧೂಳು ಒರೆಸಬೇಕು, ಹರಿದ ಹಾಳೆಗೆ ತೆಳು ಕಾಗದದ ಪಟ್ಟಿ ಅಂಟಿಸಬೇಕು, ಬೆನ್ನಿನ ಮೇಲಿನ ಸಂಖ್ಯೆಯ ಚೀಟಿ ಕಿತ್ತುಹೋಗಿದ್ದರೆ ಹೊಸದು ಹಾಕಬೇಕು, ಕೊನೆಗೆ ಎಲ್ಲವನ್ನೂ ತಳ್ಳುಗಾಡಿಯಲ್ಲಿ ಪೇರಿಸಿ ಅವುಗಳ ಕಪಾಟಿಗೆ ಮುಟ್ಟಿಸಬೇಕು. ಕೋಣೆಯಲ್ಲಿ ಸದಾ ಅಂಟಿನ ವಾಸನೆ. ಕಿಟಕಿ ಇತ್ತು, ಅದರಾಚೆ ಇದ್ದದ್ದು ಪಕ್ಕದ ಕಟ್ಟಡದ ಗೋಡೆ. ರೇಡಿಯೋ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಅವಳ ಕಣ್ಣು ಮಾತ್ರ ಮುಂದಿನ ದೊಡ್ಡ ಕೋಣೆಯ ಮಾಹಿತಿ ಕೌಂಟರಿನ ಮೇಲಿತ್ತು. ದೊಡ್ಡ ಕಿಟಕಿಯ ಕೆಳಗೆ ಅರ್ಧಚಂದ್ರದ ಮರದ ಮೇಜು, ಅದರ ಹಿಂದೆ ಹಸಿರು ದಿಂಬಿನ ತಿರುಗುವ ಕುರ್ಚಿ. ಬಂದವರು ನೇರ ಅಲ್ಲಿಗೇ ಬಂದು, 'ಒಂದು ಪುಸ್ತಕ ಬೇಕಿತ್ತು' ಎನ್ನುತ್ತಾರೆ. ಮನುಷ್ಯರು ತಾವಾಗಿಯೇ ಬಂದು ಮಾತು ಶುರು ಮಾಡುವ ಜಾಗ ಭೂಮಿಯ ಮೇಲೆ ಇನ್ನೊಂದಿದೆಯೇ? ಓದುಗರು ಬರುವ ಮೊದಲು ಗಾಡಿ ತಳ್ಳಿಕೊಂಡು ಆ ಕಡೆಯಿಂದ ಹೋಗುವಾಗ ಅವಳು ಕುರ್ಚಿಯ ಬೆನ್ನಿಗೊಂದು ಏಟು ಕೊಟ್ಟು ತಿರುಗಿಸುತ್ತಿದ್ದಳು. ಅದು ಸುತ್ತಿ ನಿಲ್ಲುವವರೆಗೆ ನೋಡಿ ಮುಂದೆ ಹೋಗುತ್ತಿದ್ದಳು.

ಒಮ್ಮೆ ಆ ಕುರ್ಚಿ ಒಂದು ದಿನದ ಮಟ್ಟಿಗೆ ಸಿಕ್ಕಿತ್ತು. ಕೌಂಟರಿನಲ್ಲಿ ಕೂರುತ್ತಿದ್ದ ಅಕ್ಕನಿಗೆ ಹಲ್ಲುನೋವು, ಬೇರೆ ಯಾರೂ ಇರಲಿಲ್ಲ. ಮೊದಲು ಬಂದವರು ಕನ್ನಡಕದ ಒಬ್ಬ ಮೃದು ಮನುಷ್ಯ. "ಪಾರಿವಾಳಗಳ ಬಗ್ಗೆ..." ಎಂದರು. ವಾಕ್ಯ ಮುಗಿಯಲಿಲ್ಲ. ರೇಡಿಯೋ ಎದ್ದು ಹೋಗಿದ್ದಳು. ಪಾರಿವಾಳ ಸಾಕುವುದರ ಬಗ್ಗೆ ಸಿಕ್ಕಿದ ಪುಸ್ತಕಗಳನ್ನೆಲ್ಲ ತಂದು ಮೇಜಿನ ಮೇಲೆ ಪೇರಿಸಿದಳು. ತನ್ನ ಸೋದರಮಾವ ಪಾರಿವಾಳ ಸಾಕಿದ್ದು, ಅವು ಮನೆಯ ದಾರಿ ಮರೆಯದಿದ್ದದ್ದು, ಮಾವನೇ ಒಮ್ಮೆ ಮರೆತದ್ದು, ಎಲ್ಲ ಹೇಳಿದಳು. ಆ ಮನುಷ್ಯ ನಡುನಡುವೆ ಬಾಯಿ ತೆರೆದರು, ಮುಚ್ಚಿದರು, ಕೊನೆಗೆ ಪುಸ್ತಕಗಳನ್ನು ತೋಳಿನಲ್ಲಿ ಹೊತ್ತು ಹೋದರು. ಅವರಿಗೆ ಬೇಕಿದ್ದದ್ದು ಬಾಲ್ಕನಿಯಲ್ಲಿ ಬಂದು ಕೂರುವ ಪಾರಿವಾಳಗಳನ್ನು ಓಡಿಸುವ ಉಪಾಯ. ಅದು ಆಮೇಲೆ, ಅವರು ಬಾಗಿಲಲ್ಲಿ ಕಾವಲುಗಾರನ ಹತ್ತಿರ ಅಂಜುತ್ತ ಹೇಳಿಕೊಂಡಾಗ ಗೊತ್ತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಎಂದು ಗ್ರಂಥಾಲಯವೆಲ್ಲ ನಕ್ಕಿತು. ರೇಡಿಯೋ ಎಲ್ಲರಿಗಿಂತ ಹೆಚ್ಚು ನಕ್ಕಳು. ಹಿಂದಿನ ಕೋಣೆಗೆ ಹೋದ ಮೇಲೆ ಸ್ವಲ್ಪ ಕಡಿಮೆ ನಕ್ಕಳು.

ಕೌಂಟರಿನ ಅಕ್ಕ ಬೇರೆ ಶಾಖೆಗೆ ಹೋಗುತ್ತಾಳೆಂಬ ಸುದ್ದಿ ಬಂದಾಗ ರೇಡಿಯೋ ನೇರ ದೊಡ್ಡ ಮೇಡಂ ಕೋಣೆಗೆ ಹೋದಳು. ದೊಡ್ಡ ಮೇಡಂ ಎಂದರೆ ಗ್ರಂಥಪಾಲಕಿ. ಆಳು ಚಿಕ್ಕದು, ಮಾತು ಅದಕ್ಕಿಂತ ಚಿಕ್ಕದು.

"ಕೂತ್ಕೋ," ಎಂದರು ಮೇಡಂ. "ಕುರ್ಚಿ ವಿಷಯ ತಾನೆ?"

"ನಿಮಗೆ ಹೇಗೆ ಗೊತ್ತಾಯ್ತು ಮೇಡಂ?"

"ದಿನಾ ಬೆಳಿಗ್ಗೆ ಅದು ಒಂದೊಂದು ದಿಕ್ಕಿಗೆ ತಿರುಗಿರುತ್ತೆ." ಮೇಡಂ ಕನ್ನಡಕ ತೆಗೆದರು. "ಆ ಜಾಗಕ್ಕೆ ಈಗ ಓದು ಬೇಕು ಅಂತ ಆಗಿದೆ. ಗ್ರಂಥಾಲಯದ ಸಾರ್ವಜನಿಕ ಸೇವೆ ಅಂತ ಒಂದು ಕೋರ್ಸು. ಕಾಲೇಜಿಗೆ ಹೋಗೋದು ಬೇಡ, ಮನೇಲೇ ಕೂತು ಫೋನಿನಲ್ಲಿ ಮಾಡಬಹುದು. ಪಾಸಾಗಿ ಬಂದರೆ ಕುರ್ಚಿ ನಿಂದು. ಇಲ್ಲದಿದ್ದರೆ ಬೇರೆ ಶಾಖೆಯಿಂದ ಯಾರನ್ನಾದರೂ ಕಳಿಸ್ತಾರೆ, ಅವರು ರಿಟೈರ್ ಆಗೋವರೆಗೆ ಏಳಲ್ಲ."

"ಪಾಸಾಗ್ತೀನಿ ಮೇಡಂ. ಮಾತಾಡೋ ಕೆಲಸ ತಾನೆ?"

"ಅಲ್ಲ," ಎಂದರು ಮೇಡಂ. "ಅದೇ ತೊಂದರೆ."

ರೇಡಿಯೋಳ ಮನೆ ಒಂದು ದರ್ಜಿ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ. ಗಂಡ ಲಿಫ್ಟ್ ರಿಪೇರಿಯವನು. ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳೆಲ್ಲ ಅವನ ಕೈಯಲ್ಲಿ ಏರಿಳಿಯುತ್ತಿದ್ದವು, ಅವನ ಸ್ವಂತ ಕಟ್ಟಡದಲ್ಲಿ ಮಾತ್ರ ಮೆಟ್ಟಿಲು. ಅತ್ತೆ ಕೈಚೀಲದ ಕಾರ್ಖಾನೆಯಲ್ಲಿ ಹೊಲಿಗೆ ಮಾಡಿ ನಿವೃತ್ತಳಾದವಳು. ಬಾಯಲ್ಲಿ ಕಟ್ಟಿಸಿದ ಹಲ್ಲು, ನಾಲಗೆ ಮಾತ್ರ ಹುಟ್ಟಿದಾಗಿನದೇ. ಆ ಮನೆಯಲ್ಲಿ ಪ್ರತಿ ಬೆಳಿಗ್ಗೆ ಒಂದೇ ನಾಟಕ. ಗಂಡ ಊಟದ ಡಬ್ಬಿ ಮರೆತು ಇಳಿಯುತ್ತಾನೆ. ಅತ್ತೆ ಡಬ್ಬಿ ಹಿಡಿದು ಕಿಟಕಿಗೆ ಬರುವಷ್ಟರಲ್ಲಿ ಅವನು ತಿರುವಿನ ಹತ್ತಿರ ಇರುತ್ತಾನೆ. ಅತ್ತೆ ಕೂಗುತ್ತಾಳೆ. ಬಸ್ಸಿನ ಗಲಾಟೆ, ಕೆಳಗಿನ ಹೊಲಿಗೆ ಯಂತ್ರಗಳ ಸದ್ದು, ಅತ್ತೆಯ ದನಿಯೂ ಈಗ ಮೊದಲಿನಂತಿಲ್ಲ. ಅವನು ತಿರುವಿನಲ್ಲಿ ಮಾಯ. "ಇವನಿಗೆ ಹೊಟ್ಟೇನ ದೇವರು ಯಾಕೆ ಕೊಟ್ಟನೋ, ತಲೇನೇ ಕೊಡದೆ," ಎಂದು ಅತ್ತೆ ಡಬ್ಬಿಯನ್ನು ಮತ್ತೆ ಕಟ್ಟೆಯ ಮೇಲಿಡುತ್ತಾಳೆ.

ತರಗತಿ ಸಂಜೆ ಹೊತ್ತು. ಮೊದಲ ದಿನ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ರೇಡಿಯೋ ಕೂತಳು. ಪರದೆಯ ಮೇಲೆ ಪುಟ್ಟ ಚೌಕಗಳಲ್ಲಿ ಪುಟ್ಟ ಮುಖಗಳು. ಮಧ್ಯದಲ್ಲಿ ಮೇಷ್ಟ್ರು, ಸಣಕಲು, ಕೆಮ್ಮಿನವರು.

"ಅತ್ತೆ, ಬನ್ನಿ ನೋಡಿ, ಇವರೇ ನಮ್ಮ ಮೇಷ್ಟ್ರು. ಪಾಪ, ಮುಖ ನೋಡಿದ್ರೆ ಸರಿಯಾಗಿ ನಿದ್ದೆ ಮಾಡಿಲ್ಲ ಅನ್ಸುತ್ತೆ."

ಅತ್ತೆ ಬಗ್ಗಿ ನೋಡಿದಳು. "ನಿದ್ದೆ ಅಲ್ಲ, ಗಂಟಲು. ಬಿಸಿನೀರು ಕುಡೀಲಿ ಅಂತ ಹೇಳು."

"ಕುಡಿದಿದ್ದೇನೆ ಅಮ್ಮ," ಎಂದರು ಮೇಷ್ಟ್ರು ಪರದೆಯೊಳಗಿಂದ. "ಈಗ ಸೊಸೆಗೆ ಮೈಕ್ ಆರಿಸೋಕೆ ಹೇಳ್ತೀರಾ?"

ಚೌಕಗಳೆಲ್ಲ ಒಟ್ಟಿಗೆ ಅಲುಗಾಡಿದವು. ಅಂದಿನಿಂದ ತರಗತಿಗೆ ಬರುವವರು ಮೊದಲು ಹುಡುಕುತ್ತಿದ್ದದ್ದು ಅತ್ತೆಯನ್ನು.

ಪಾಠಗಳು ರೇಡಿಯೋ ಅಂದುಕೊಂಡಂತೆ ಇರಲಿಲ್ಲ. ಪುಸ್ತಕ ಎರವಲು ಕೊಡುವ ನಿಯಮ, ಸಿಟ್ಟಾದ ಓದುಗರನ್ನು ಸಂಭಾಳಿಸುವುದು, ಫೋನಿನಲ್ಲಿ ಉತ್ತರ ಕೊಡುವುದು, ಇವೆಲ್ಲ ಸರಿಯೇ. ಅವಳನ್ನು ಕುರ್ಚಿಯ ಅಂಚಿಗೆ ತಂದು ಕೂರಿಸಿದ್ದು ಓದುಗರ ಜೊತೆಗಿನ ಮಾತುಕತೆಯ ಪಾಠ. ಬಂದವರು ತಮಗೆ ಬೇಕಾದ್ದನ್ನು ಮೊದಲ ಮಾತಿನಲ್ಲಿ ಹೇಳುವುದೇ ಅಪರೂಪ ಎಂದರು ಮೇಷ್ಟ್ರು. ಬಾಗಿಲು ತಟ್ಟಿದ ಹಾಗೆ ಏನೋ ಒಂದು ಹೇಳುತ್ತಾರೆ. ಒಳಗೆ ಕರೆಯಬೇಕಾದವರು ನೀವು. ಹೌದು, ಇಲ್ಲ ಎಂದು ಮುಗಿದುಹೋಗದ ಪ್ರಶ್ನೆ ಕೇಳಿ. ಆಮೇಲೆ ಸುಮ್ಮನಿರಿ. ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ ಸರಿಯೇ ಎಂದು ಕೇಳಿ. ಕೊನೆಗೆ, ಬೇಕಾದ್ದು ಸಿಕ್ಕಿತೇ ಎಂದು ವಿಚಾರಿಸಿ.

ಪಾರಿವಾಳದವರ ತೆರೆದು ಮುಚ್ಚಿದ ಬಾಯಿ ರೇಡಿಯೋಳ ಕಣ್ಣ ಮುಂದೆ ಬಂತು. "ಅಯ್ಯೋ," ಎಂದಳು. ಮೈಕ್ ಆರಿತ್ತು.

ಇನ್ನೊಂದು ಪಾಠವೂ ಇತ್ತು. ಓದುಗರು ಏನು ಕೇಳಿದರು, ಏನು ಓದಿದರು ಎಂಬುದು ಓದುಗರದ್ದು. ಅವರ ಒಪ್ಪಿಗೆ ಇಲ್ಲದೆ ಅದು ಕೌಂಟರ್ ದಾಟಬಾರದು, ಮನೆಯವರ ಕಿವಿಗೂ ಬೀಳಬಾರದು. ಇದನ್ನು ರೇಡಿಯೋ ದಾರಿಯಲ್ಲಿ ನಿಂತ ನೀರನ್ನು ದಾಟುವಂತೆ ಸೀರೆ ಎತ್ತಿ ದಾಟಿಬಿಟ್ಟಳು. ಇವಳ ಕಿವಿಗೆ ಬಿದ್ದದ್ದು ಊರಿಗೆ ಡಂಗುರ ಸಾರಿದ ಹಾಗೆ ಎಂದು ಎಲ್ಲರಿಗೂ ಗೊತ್ತಿದ್ದರಿಂದ, ಗುಟ್ಟು ಎಂಬ ವಸ್ತುವನ್ನು ಈವರೆಗೆ ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ.

ಮಾತುಕತೆಯ ಪಾಠ ಮನೆಯೊಳಗೆ ನೆಗಡಿಯಂತೆ ಹರಡಿತು.

"ಟವಲ್ ಎಲ್ಲಿ?" ಎಂದ ಗಂಡ ಬಚ್ಚಲಿನಿಂದ.

"ಟವಲ್ ಬಗ್ಗೆ ನಿಮಗೆ ಏನು ತಿಳೀಬೇಕಿತ್ತು?"

"ಎಲ್ಲಿದೆ ಅಂತ."

"ಯಾವ ಕೆಲಸಕ್ಕೆ ಬೇಕಿತ್ತು ಅಂತ ಸ್ವಲ್ಪ ಹೇಳ್ತೀರಾ?"

"ನೀರು ಸುರಿಸ್ಕೊಂಡು ನಿಂತಿದೀನಿ ಕಣೇ."

"ಅಂದ್ರೆ, ನಿಮಗೆ ಮೈ ಒರೆಸ್ಕೊಳ್ಳೋಕೆ ಒಣಗಿದ ಬಟ್ಟೆ ಒಂದು ಬೇಕು. ನಾನು ಸರಿಯಾಗಿ ಅರ್ಥ ಮಾಡ್ಕೊಂಡೆನಾ?"

"ಅವನಿಗೆ ಶೀತ ಆಗೋದರೊಳಗೆ ಅರ್ಥ ಮಾಡ್ಕೋ ತಾಯಿ," ಎಂದಳು ಅತ್ತೆ ಅಡುಗೆಮನೆಯಿಂದ.

ಹಾಗೆಂದ ಅತ್ತೆಯೇ ಮರುದಿನ ಆಲೂಗಡ್ಡೆಯವನು ಎಷ್ಟು ಬೇಕಮ್ಮಾ ಎಂದಾಗ, "ನಿನಗೆ ಎಷ್ಟು ಕೊಡಬೇಕು ಅನ್ಸುತ್ತಪ್ಪಾ?" ಎಂದು ಕೇಳಿ ಸುಮ್ಮನೆ ನಿಂತಳು. ಅವನು ಗಾಬರಿಯಾಗಿ ಹೆಚ್ಚಿಗೆ ಹಾಕಿಕೊಟ್ಟ. ಗಂಡನೂ ಹೊರತಾಗಲಿಲ್ಲ. ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಫೋನ್ ಮಾಡಿದಾಗ, "ಒಳಗೆ ಪರಿಸ್ಥಿತಿ ಹೇಗನ್ನಿಸ್ತಿದೆ, ಸ್ವಲ್ಪ ವಿವರವಾಗಿ ಹೇಳಿ," ಎಂದನಂತೆ. ಅವರು ವಿವರವಾಗಿಯೇ ಹೇಳಿದರು. ಅದರಲ್ಲಿ ಅರ್ಧ ಮನೆಯಲ್ಲಿ ಹೇಳುವಂಥದ್ದಲ್ಲ ಎಂದ.

ಪ್ರಶ್ನೆ ಕೇಳುವುದು ರೇಡಿಯೋಗೆ ಸಲೀಸು. ಉತ್ತರಕ್ಕೆ ಕಾಯುವುದು ಮಾತ್ರ ಆಗುತ್ತಿರಲಿಲ್ಲ. ಎದುರಿನವರು ಉಸಿರು ತೆಗೆದುಕೊಳ್ಳಲು ನಿಂತರೆ ಸಾಕು, ಆ ಸಂದಿನಲ್ಲಿ ಇವಳು ನುಗ್ಗಿರುತ್ತಿದ್ದಳು. ಉಪಾಯ ಹೊಳೆದದ್ದು ಗಂಡನಿಗೆ.

"ಬಾಯಲ್ಲಿ ಒಂದು ಪೆಪ್ಪರಮೆಂಟು ಇಟ್ಕೋ. ಅದು ಕರಗೋವರೆಗೆ ಮಾತಾಡಬಾರದು."

ಅವಳು ಇಟ್ಟುಕೊಂಡಳು. ಗಂಡ ಮಾತು ಶುರು ಮಾಡಿದ. ಕಟಕ್ ಎಂದು ಸದ್ದಾಯಿತು.

"ಅಗಿದ್ಯಾ?"

"ಕರಗಿತು," ಎಂದಳು ರೇಡಿಯೋ.

ಕೋರ್ಸಿನ ಕೊನೆಯ ಪರೀಕ್ಷೆ ಒಂದು ವಿಡಿಯೋ. ಒಬ್ಬ ಓದುಗರ ಜೊತೆ ಪೂರ್ತಿ ಮಾತುಕತೆ ನಡೆಸಿ, ಕತ್ತರಿಸದೆ ಕಳಿಸಬೇಕು. ಮೇಷ್ಟ್ರು ಅದನ್ನು ತರಗತಿಗೂ ತೋರಿಸಿ ಚರ್ಚೆ ಮಾಡುತ್ತಾರೆ. ಓದುಗನಾಗಿ ಗಂಡ ಮುಂದೆ ಬಂದ. ಎಲ್ಲಿಂದಲೋ ಒಂದು ಟೋಪಿ ತಂದ, ಕುಂಟುತ್ತ ಒಳಗೆ ಬಂದ, ತಾನು ಜ್ವಾಲಾಮುಖಿಯ ಬಾಯಿಗೆ ಇಳಿದು ಹಿಂತಿರುಗಿದವನೆಂದೂ ಈಗ ಅದರ ಬಗ್ಗೆ ಓದಬೇಕೆಂದಿದ್ದೇನೆಂದೂ ನಡುಗುವ ದನಿಯಲ್ಲಿ ಹೇಳಿದ. ಅತ್ತೆ ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು.

ಮೇಷ್ಟ್ರ ಉತ್ತರ ಬಂತು. ಓದುಗರು ನಟಿಸುತ್ತಿದ್ದಾರೆ. ನೀವು ಅವರಿಗಿಂತ ಹೆಚ್ಚು ಮಾತಾಡಿದ್ದೀರಿ. ನಡುನಡುವೆ ಏನೋ ಒಡೆಯುವ ಸದ್ದು ಬರುತ್ತಿದೆ, ಅದೇನೆಂದು ತಿಳಿಯಲಿಲ್ಲ. ಭಾನುವಾರ ಸಂಜೆಯೊಳಗೆ ಇನ್ನೊಂದು ಅವಕಾಶ. ಈ ಸಲ ಪ್ರಶ್ನೆ ನಿಜದ್ದಾಗಿರಬೇಕು, ಮೊದಲೇ ಮಾತಾಡಿಕೊಂಡದ್ದು ಆಗಿರಬಾರದು.

ಭಾನುವಾರ ಗಂಡ ಟೋಪಿ ಬಿಟ್ಟು, ಕುಂಟದೆ, ನಿಜದ ಪ್ರಶ್ನೆಯೊಂದನ್ನು ಕೇಳಲು ಸಿದ್ಧನಾಗಿದ್ದ. ಮಧ್ಯಾಹ್ನ ಒಂದು ಕಟ್ಟಡದಿಂದ ಕರೆ ಬಂತು, ಹೋದ. ಸ್ವಲ್ಪ ಹೊತ್ತಿಗೆ ಅವನದೇ ಕರೆ ಬಂತು. ರಿಪೇರಿಗೆ ಹೋದ ಲಿಫ್ಟಿನೊಳಗೆ ಅವನೇ ಸಿಕ್ಕಿಕೊಂಡಿದ್ದ, ಜೊತೆಯವನು ಬರುವವರೆಗೆ ಕೂತಿರಬೇಕು. "ಒಳಗೆ ಪರಿಸ್ಥಿತಿ ಹೇಗನ್ನಿಸ್ತಿದೆ?" ಎಂದಳು ಅತ್ತೆ ಫೋನಿಗೆ. ಅವನು ಫೋನ್ ಇಟ್ಟುಬಿಟ್ಟ.

ಉಳಿದದ್ದು ಅತ್ತೆ ಒಬ್ಬಳೇ.

"ಏನಾದರೂ ಕೇಳಿ ಅತ್ತೆ, ಹೂಗಿಡದ ಪುಸ್ತಕ ಬೇಕು ಅಂತಾದರೂ."

"ನನಗೆ ಹೂಗಿಡ ಬೇಡ. ಬೇಡದ್ದನ್ನ ಬೇಕು ಅನ್ನೋಳಲ್ಲ ನಾನು. ಇರು, ಬಾಚ್ಕೊಂಡು ಬರ್ತೀನಿ."

ಅಡುಗೆಮನೆಯ ಮೇಜೇ ಕೌಂಟರ್ ಆಯಿತು. ರೇಡಿಯೋ ಫೋನಿನ ಗುಂಡಿ ಒತ್ತಿ, ಪೆಪ್ಪರಮೆಂಟು ಬಾಯಿಗಿಟ್ಟುಕೊಂಡು ಕೂತಳು. ತಲೆ ಬಾಚಿ, ಹೊರಗೆ ಹೋಗುವ ಚಪ್ಪಲಿ ಮೆಟ್ಟಿ ಅತ್ತೆ ನಡುಮನೆಯಿಂದ ಬಂದಳು. ಮನೆಯೊಳಗೆ ಚಪ್ಪಲಿ ಹಾಕಿದ್ದು ಯಾಕೆಂದು ಕೇಳುವ ಆಸೆಯನ್ನು ರೇಡಿಯೋ ನುಂಗಿದಳು.

"ಸಂಗೀತದ ಪುಸ್ತಕ ಇದೆಯಾ?" ಎಂದಳು ಅತ್ತೆ.

ಅತ್ತೆಗೂ ಸಂಗೀತಕ್ಕೂ ಏನು ಸಂಬಂಧ? ಕೆಳಗಿನ ದರ್ಜಿ ಹಾಡು ಹಾಕಿದರೆ ಕಿಟಕಿ ಮುಚ್ಚುವವಳು. ಓ, ಆ ಹಾಡಿನ ಕಾಟ ತಪ್ಪಿಸೋಕೆ ಏನೋ ಕೇಳುತ್ತಿದ್ದಾಳೆ. ಉತ್ತರ ನಾಲಗೆಯ ತುದಿಗೆ ಬಂದಿತ್ತು. ಪಾರಿವಾಳ, ಎಂದುಕೊಂಡಳು ರೇಡಿಯೋ. ಪಾರಿವಾಳ, ಪಾರಿವಾಳ.

"ಸಂಗೀತದಲ್ಲಿ ನಿಮಗೆ ಏನು ತಿಳೀಬೇಕಿತ್ತು?"

"ಬಾಯಲ್ಲಿ ಮಾಡೋದು."

ರೇಡಿಯೋ ಕಾದಳು. ನಲ್ಲಿ ತೊಟ್ಟಿಕ್ಕುತ್ತಿತ್ತು. ಅತ್ತೆ ಮೇಜಿನ ಮೇಲಿದ್ದ ಉಪ್ಪಿನ ಬಟ್ಟಲನ್ನು ಒಂದು ಸುತ್ತು ತಿರುಗಿಸಿದಳು. ಇಷ್ಟು ಹೊತ್ತು ಸೊಸೆ ಸುಮ್ಮನೆ ಕೂತದ್ದನ್ನು ಅವಳೂ ಮೊದಲ ಸಲ ನೋಡುತ್ತಿದ್ದಳು. ಆ ಸುಮ್ಮನಿರುವಿಕೆಯೊಳಗೆ ಏನಾದರೂ ಹಾಕಲೇಬೇಕು ಅನ್ನಿಸಿರಬೇಕು.

"ಶಿಳ್ಳೆ," ಎಂದಳು ಅತ್ತೆ. "ಎರಡು ಬೆರಳು ಇಟ್ಟು ಹೊಡೀತಾರಲ್ಲ, ಅದು."

ರೇಡಿಯೋ ತಲೆದೂಗಿದಳು.

"ನಮ್ಮಣ್ಣ ಹೊಡೀತಿದ್ದ. ಊರಿನ ಆ ತುದೀಲಿ ಹೊಡೆದರೆ ಈ ತುದೀಲಿ ನಾಯಿ ಎದ್ದು ನಿಲ್ತಿತ್ತು. ನಂಗೂ ಹೇಳಿಕೊಡೋ ಅಂದೆ. ಹುಡುಗೀರಿಗೆ ಯಾಕೆ ಅಂದ. ಅವನೂ ಹೋದ, ಶಿಳ್ಳೇನೂ ಅವನ ಜೊತೆಗೇ ಹೋಯ್ತು." ಅತ್ತೆ ಮೂಗೆಳೆದಳು. "ಈಗ ಬೇಕು. ಕೂಗಿದರೆ ಇವನಿಗೆ ಕೇಳಲ್ಲ. ಡಬ್ಬಿ ದಿನಾ ಇಲ್ಲೇ ಉಳಿಯುತ್ತೆ. ಆದರೆ ಒಂದು ವಿಷಯ ಗೊತ್ತಾಗಬೇಕು. ಕಟ್ಟಿಸಿದ ಹಲ್ಲು ಹಾಕ್ಕೊಂಡು ಹೊಡೀಬೇಕಾ, ತೆಗೆದಿಟ್ಟು ಹೊಡೀಬೇಕಾ? ಹಲ್ಲೂ ಶಿಳ್ಳೆ ಜೊತೆಗೇ ಬೀದಿಗೆ ಬಿದ್ದರೆ ಕಷ್ಟ."

ನಗು ರೇಡಿಯೋಳ ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಹತ್ತಿತು. ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಅಂದ್ರೆ, ಎರಡು ಬೆರಳಿಟ್ಟು ಜೋರಾಗಿ ಶಿಳ್ಳೆ ಹೊಡೆಯೋದು ಹೇಗೆ, ಕಟ್ಟಿಸಿದ ಹಲ್ಲಿದ್ದರೆ ಏನು ಮಾಡಬೇಕು, ಇಷ್ಟು ನಿಮಗೆ ಬೇಕು. ಸರೀನಾ?"

"ಸರಿ," ಎಂದಳು ಅತ್ತೆ, ಯಾವುದೋ ಕಚೇರಿಯಲ್ಲಿ ಕೆಲಸ ಆದವಳ ಗತ್ತಿನಿಂದ.

ಪೆಪ್ಪರಮೆಂಟು ಪೂರ್ತಿ ಕರಗಿತ್ತು. ಅಗಿದಿರಲಿಲ್ಲ. ಇದಕ್ಕಿಂತ ಒಳ್ಳೆಯ ಮಾತುಕತೆ ತನ್ನ ಜೀವಮಾನದಲ್ಲಿ ಆಗಿಲ್ಲ ಎಂದು ರೇಡಿಯೋಗೆ ಗೊತ್ತಿತ್ತು. ಅವಳು ಫೋನಿನ ಚಿತ್ರೀಕರಣ ನಿಲ್ಲಿಸಿದಳು. ಹಸಿರು ಕುರ್ಚಿ ಕಣ್ಣ ಮುಂದೆ ಒಂದು ಸುತ್ತು ಹಾಕಿತು.

"ಇದು ನಿನ್ ಗಂಡನಿಗೆ ಗೊತ್ತಾಗಬಾರದು," ಎಂದಳು ಅತ್ತೆ ಚಪ್ಪಲಿ ಬಿಡುತ್ತ. "ಮೊದಲೇ ಗೊತ್ತಾದರೆ ನಗ್ತಾನೆ. ಶಿಳ್ಳೆ ಬಂದ ದಿನ ನಾನೇ ಕೇಳಿಸ್ತೀನಿ. ಆಮೇಲೆ, ಈ ವಿಡಿಯೋ ನಿಮ್ ಮೇಷ್ಟ್ರು ನೋಡಿ ಅಳಿಸಿಬಿಡ್ತಾರೆ ತಾನೆ?"

"ಕ್ಲಾಸಿಗೆಲ್ಲಾ ತೋರಿಸ್ತಾರೆ ಅತ್ತೆ."

ಅತ್ತೆಯ ಕೈ ತಾನಾಗಿ ಬಾಯಿಗೆ ಹೋಯಿತು. "ಹಲ್ಲಿನ ವಿಷಯಾನೂ?"

"ಎಲ್ಲಾನೂ."

"ಹೋಗ್ಲಿ ಬಿಡು," ಎಂದಳು ಅತ್ತೆ. "ಕಳಿಸು. ನಿನ್ ಕುರ್ಚಿ ಮುಖ್ಯ."

ಅದು ಒಪ್ಪಿಗೆಯೇ. ಆದರೆ ಬಾಯಿ ಮುಚ್ಚಿದ ಕೈ ಇನ್ನೂ ಕೆಳಗಿಳಿದಿರಲಿಲ್ಲ. ರೇಡಿಯೋ ಅದನ್ನು ನೋಡಿದಳು. ಸೀರೆ ಎತ್ತಿ ದಾಟಿದ್ದ ಪಾಠ ತಿರುಗಿ ಬಂದು ಎದುರಿಗೆ ನಿಂತಿತ್ತು. ಅವಳು ಫೋನ್ ತೆಗೆದುಕೊಂಡು ವಿಡಿಯೋ ಅಳಿಸಿದಳು.

"ಅಯ್ಯೋ ಹುಚ್ಚಿ," ಎಂದಳು ಅತ್ತೆ. "ಸರಿ, ಕೂತ್ಕೋ. ಇನ್ನೊಂದು ಸಲ ಮಾಡೋಣ. ಆಲೂಗಡ್ಡೆ ಬಗ್ಗೆ ನಿಜವಾಗ್ಲೂ ಕೇಳೋದಿದೆ, ಮೊಳಕೆ ಬಂದದ್ದು ತಿನ್ನಬಹುದಾ ಅಂತ."

ಕೂತರು. ಗುಂಡಿ ಒತ್ತಿದ್ದಾಯಿತು. ಅತ್ತೆ ಚಪ್ಪಲಿ ಮೆಟ್ಟಿ ಒಳಗೆ ಬಂದು, ಗಂಭೀರವಾಗಿ, "ಆಲೂಗಡ್ಡೆ," ಎಂದಳು. ರೇಡಿಯೋ ಅತ್ತೆಯ ಹಲ್ಲು ನೋಡಿದಳು. ಅಷ್ಟೇ. ಒಳಗೆ ಕಟ್ಟಿಟ್ಟಿದ್ದ ನಗುವೆಲ್ಲ ಒಡ್ಡು ಒಡೆದು ಬಂತು. ಅತ್ತೆ ಗದರಲು ಹೋಗಿ ತಾನೂ ಸಿಕ್ಕಿಹಾಕಿಕೊಂಡಳು. ಮತ್ತೆ ಮಾಡಿದರು. ಈ ಸಲ ಅತ್ತೆ, "ಆ" ಎಂದದ್ದಷ್ಟೇ. ಅದಾದ ಮೇಲಿನ ಪ್ರಯತ್ನಗಳಲ್ಲಿ ಅತ್ತೆ ಬಾಗಿಲು ದಾಟಲೂ ಇಲ್ಲ, ನಡುಮನೆಯಲ್ಲೇ ಗೋಡೆಗೆ ಒರಗಿ ನಗುತ್ತಿರುವುದು ಕೇಳಿಸುತ್ತಿತ್ತು. ಹೊರಗೆ ಬೀದಿದೀಪ ಹತ್ತಿತು. ಕೊಟ್ಟಿದ್ದ ಗಡುವು ದಾಟಿಹೋಯಿತು.

ಲಿಫ್ಟಿನಿಂದ ಬಿಡುಗಡೆಯಾಗಿ ಬಂದ ಗಂಡ ಇಬ್ಬರ ಕೆಂಪು ಕಣ್ಣು ನೋಡಿ ಹೆದರಿದ. "ಯಾಕೆ, ಕಳಿಸಲಿಲ್ವಾ?"

"ಇಲ್ಲ."

"ಯಾಕೆ?"

ರೇಡಿಯೋ ಒಂದು ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡಳು.

"ಅಮ್ಮ, ಇವಳಿಗೇನಾಯ್ತು?"

"ನಿನಗೆ ಏನು ಅನ್ಸುತ್ತಪ್ಪಾ?" ಎಂದಳು ಅತ್ತೆ.

ಸೋಮವಾರ ಬೆಳಿಗ್ಗೆ ರೇಡಿಯೋ ಕುರ್ಚಿಯನ್ನು ತಿರುಗಿಸಲಿಲ್ಲ. ದೊಡ್ಡ ಮೇಡಂ ಕರೆದರು.

"ಪರೀಕ್ಷೆ ಕಳಿಸಿಲ್ವಂತೆ?"

"ಓದುಗರಿಗೆ ತೋರಿಸೋದು ಇಷ್ಟ ಇರಲಿಲ್ಲ ಮೇಡಂ."

"ಯಾರು ಓದುಗರು?"

ರೇಡಿಯೋ ಗೋಡೆಯ ಗಡಿಯಾರ ನೋಡಿದಳು.

"ಏನು ಕೇಳಿದರು?"

ರೇಡಿಯೋ ಕಿಟಕಿ ನೋಡಿದಳು. ಮುಖ ಕೆಂಪಾಗಿತ್ತು, ಕುಕ್ಕರಿನ ಮುಚ್ಚಳದಂತೆ ಸಣ್ಣಗೆ ನಡುಗುತ್ತಿತ್ತು. ಇಷ್ಟು ವರ್ಷದಲ್ಲಿ ಅವಳು ಉತ್ತರ ಕೊಡದೆ ನಿಂತದ್ದನ್ನು ಮೇಡಂ ಕಂಡಿರಲಿಲ್ಲ.

"ಮೈ ಸರಿ ಇದೆ ತಾನೆ?"

"ಇದೆ ಮೇಡಂ."

"ಬಾಯಿ ತೆರೆದು ತೋರಿಸು."

ತೆರೆದಳು. ಪೆಪ್ಪರಮೆಂಟು ಇರಲಿಲ್ಲ. ಮೇಡಂ ಮೇಷ್ಟ್ರಿಗೆ ಫೋನ್ ಹಚ್ಚಿದರು. ಮಾತು ಎಂದಿನಂತೆ ಚಿಕ್ಕದಾಗಿಯೇ ಮುಗಿಯಿತು. ಓದುಗರ ಮರ್ಯಾದೆ ಉಳಿಸಿದ್ದಕ್ಕೆ ಅಂಕ ಕೊಡುವ ಕ್ರಮ ಕೋರ್ಸಿನಲ್ಲಿ ಇಲ್ಲವಂತೆ, ಕಳೆಯುವ ಕ್ರಮವೂ ಇಲ್ಲವಂತೆ. ಗುರುವಾರ ಮಾಹಿತಿ ಕೌಂಟರಿನಲ್ಲೇ ಅವಳು ಕೂರಲಿ. ಒಪ್ಪುವ ಓದುಗರು ಯಾರೇ ಮೊದಲು ಬಂದರೂ ಸರಿ, ಮೇಡಂ ಪಕ್ಕದಲ್ಲಿರಲಿ, ತಾನು ಪರದೆಯಿಂದ ನೋಡುತ್ತೇನೆ ಎಂದರು ಮೇಷ್ಟ್ರು. ಅದೇ ಕೊನೆಯ ಅವಕಾಶ.

ಗುರುವಾರ ರೇಡಿಯೋ ಹಸಿರು ಕುರ್ಚಿಯ ಮೇಲೆ ಕಲ್ಲಿನಂತೆ ಕೂತಳು. ತಿರುಗುವ ಕುರ್ಚಿ ತಿರುಗದಂತೆ ಪಾದ ಊರಿದ್ದಳು. ಬಾಗಿಲು ತೆರೆಯಿತು. ಒಳಗೆ ಬಂದವರು ಕನ್ನಡಕದ ಮೃದು ಮನುಷ್ಯ, ಪಾರಿವಾಳದವರು.

ಅವರು ಅವಳನ್ನು ನೋಡಿದರು. ಪಾದ ಅಲ್ಲೇ ಹಿಂದಕ್ಕೆ ತಿರುಗಿತು. ಮೇಡಂ ಎದ್ದು ಹೋಗಿ, ಹೀಗೆ ಹೀಗೆ, ಒಂದು ಪರೀಕ್ಷೆ ನಡೆಯುತ್ತಿದೆ, ನಿಮಗೆ ಒಪ್ಪಿಗೆಯೇ ಎಂದು ಕೇಳಿದರು. ಅವರು ಬಾಗಿಲನ್ನೊಮ್ಮೆ ಆಸೆಯಿಂದ ನೋಡಿ ಕೌಂಟರಿಗೆ ಬಂದರು.

"ಈ ಸಲ ನನ್ನ ಮಾತು ಮುಗಿಯೋವರೆಗೆ ಕಾಯ್ತೀರಾ?"

"ಹೇಳಿ," ಎಂದಳು ರೇಡಿಯೋ.

"ಪಾರಿವಾಳ," ಎಂದರು ಅವರು.

ಓಡಿಸುವ ಉಪಾಯ ಅವಳ ಬಾಯಿಪಾಠವಾಗಿತ್ತು. ಆ ದಿನದಿಂದ ಅವರಿಗಾಗಿಯೇ ಹುಡುಕಿ ಇಟ್ಟಿದ್ದಳು. ಹೊಳೆಯುವ ಪಟ್ಟಿ ಕಟ್ಟುವುದು, ಬಲೆ ಹಾಕುವುದು, ಎಲ್ಲ ನಾಲಗೆಯ ಮೇಲೆ ಸಾಲಾಗಿ ನಿಂತಿದ್ದವು. ಫ್ಯಾನು ತಿರುಗುತ್ತಿತ್ತು. ಪರದೆಯಲ್ಲಿ ಮೇಷ್ಟ್ರು ಕೆಮ್ಮಿದರು. ರೇಡಿಯೋ ಕಾದಳು.

"ನೀವು ಕೊಟ್ಟ ಪುಸ್ತಕ ಓದಿದೆ," ಎಂದರು ಅವರು. "ವಾಪಸ್ ಕೊಡೋ ಮುಂಚೆ ಓದದೇ ಇದ್ದರೆ ಚೆನ್ನಾಗಿರಲ್ಲ ಅಂತ. ಹೆಂಡತೀನೂ ಓದಿದಳು. ಆಮೇಲೆ ಓಡಿಸೋಕೆ ಮನಸ್ಸು ಬರಲಿಲ್ಲ. ಈಗ ಅವು ಚಪ್ಪಲಿ ಗೂಡಿನಲ್ಲಿ ಮೊಟ್ಟೆ ಇಟ್ಟು ಮರಿ ಮಾಡಿವೆ. ನಾವಿಬ್ಬರೂ ಹೊರಗೆ ಹೋಗಬೇಕಾದರೆ ಬೇರೆಯವರ ಚಪ್ಪಲಿ ಕೇಳ್ತಿದೀವಿ."

ಅವರ ಕಾಲಿನಲ್ಲಿ ಎರಡು ಬೇರೆ ಬೇರೆ ಚಪ್ಪಲಿಗಳಿದ್ದವು. ರೇಡಿಯೋ ನೋಡಿದಳು, ಏನೂ ಹೇಳಲಿಲ್ಲ. ದೊಡ್ಡ ಮೇಡಂ ಕಡತವೊಂದನ್ನು ಮುಖಕ್ಕೆ ಅಡ್ಡ ಹಿಡಿದರು.

"ಮರಿಗಳ ವಿಷಯದಲ್ಲಿ ಈಗ ನಿಮಗೆ ಏನು ಬೇಕಾಗಿದೆ?"

"ಒಂದು ಮರಿ ಕಾಲು ಎಳೀತಿದೆ. ಕಟ್ಟಬಹುದಾ, ಹೇಗೆ ಕಟ್ಟೋದು, ಅಥವಾ ಯಾರಿಗೆ ತೋರಿಸೋದು."

ಅವಳು ಅದನ್ನೇ ತಿರುಗಿ ಹೇಳಿದಳು, ಹೌದೆನ್ನಿಸಿಕೊಂಡಳು, ಎದ್ದು ಹೋಗಿ ಹಕ್ಕಿಗಳ ಆರೈಕೆಯ ಒಂದೇ ಒಂದು ಪುಸ್ತಕ ತಂದಳು, ಪ್ರಾಣಿಗಳ ಆಸ್ಪತ್ರೆಯ ನಂಬರು ಬರೆದುಕೊಟ್ಟಳು. ಸೋದರಮಾವ ಬರಲಿಲ್ಲ.

"ಬೇಕಾದ್ದು ಸಿಕ್ಕಿತಾ?"

"ಸಿಕ್ತು," ಎಂದರು ಪಾರಿವಾಳದವರು. ಸ್ವಲ್ಪ ಯೋಚಿಸಿ ಸೇರಿಸಿದರು, "ಹೋದ ಸಲಾನೂ ಸಿಕ್ಕಿತ್ತು. ಆಗ ಬೇಕಾಗಿರಲಿಲ್ಲ, ಅಷ್ಟೆ."

ಪರದೆಯೊಳಗೆ ಮೇಷ್ಟ್ರು ಕೆಮ್ಮುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. "ಪಾಸು," ಎಂದದ್ದು ಮಾತ್ರ ಕೇಳಿಸಿತು. ರೇಡಿಯೋ ಊರಿದ್ದ ಪಾದ ಎತ್ತಿದಳು. ಕುರ್ಚಿ ಪೂರ್ತಿ ಒಂದು ಸುತ್ತು ಸುತ್ತಿತು. ದೊಡ್ಡ ಮೇಡಂ ನೋಡಿಯೂ ನೋಡದಂತಿದ್ದರು.

ಇನ್ನೊಬ್ಬ ಓದುಗರ ಪುಸ್ತಕ ಆ ವಾರವೇ ಆಲೂಗಡ್ಡೆಯ ಚೀಲದ ತಳದಲ್ಲಿ ಮನೆಗೆ ಬಂದಿತ್ತು. ಮಕ್ಕಳ ವಿಭಾಗದ ಆಟಗಳ ಪುಸ್ತಕ, ಶಿಳ್ಳೆಗೆ ಚಿತ್ರಸಮೇತ ಎರಡು ಪುಟ. ತುಟಿಯನ್ನು ಹಲ್ಲಿನ ಮೇಲೆ ಒಳಕ್ಕೆ ಮಡಚಬೇಕು, ಹಲ್ಲಿಗೆ ಬೇರೆ ಕೆಲಸವಿಲ್ಲ ಎಂದಿತ್ತು. ಕಟ್ಟಿಸಿದ ಹಲ್ಲಿನ ಬಗ್ಗೆ ಮಕ್ಕಳ ಪುಸ್ತಕದಲ್ಲಿ ಇರುವುದು ಸಾಧ್ಯವಿರಲಿಲ್ಲ. ಹಾಗಾಗಿ ರೇಡಿಯೋ ಒಬ್ಬ ದಂತವೈದ್ಯರಿಗೆ ಫೋನ್ ಮಾಡಿ, ಯಾರ ಹಲ್ಲೆಂದು ಹೇಳದೆ ಕೇಳಿದಳು. ಬಿಗಿಯಾಗಿ ಕೂತಿದ್ದರೆ ಹಾಕಿಕೊಂಡೇ ಹೊಡೆಯಬಹುದು ಎಂದರು ಅವರು. ಯಾರಿಗೆ ಎಂದು ಕೇಳಿದರು. "ಓದುಗರಿಗೆ," ಎಂದಳು. ಅತ್ತೆ ಬಚ್ಚಲಿನ ಬಾಗಿಲು ಹಾಕಿ, ನಲ್ಲಿ ಬಿಟ್ಟು ಅಭ್ಯಾಸ ಮಾಡುತ್ತಿದ್ದಳು. ಪೈಪಿನಲ್ಲಿ ಗಾಳಿ ಸೇರಿದೆ ಎಂದು ಗಂಡ ಸ್ಪ್ಯಾನರ್ ಹಿಡಿದು ನಲ್ಲಿಯನ್ನೆಲ್ಲ ಬಿಚ್ಚಿ ಜೋಡಿಸಿದ. ಶಬ್ದ ನಿಲ್ಲಲಿಲ್ಲ. "ವಿಚಿತ್ರ," ಎಂದ. ಸೊಸೆ ಪೆಪ್ಪರಮೆಂಟಿನ ಡಬ್ಬಕ್ಕೆ ಕೈ ಹಾಕಿದಳು.

ಕೌಂಟರಿನ ಕೆಲಸ ಅಧಿಕೃತವಾಗಿ ಶುರುವಾಗುವ ಬೆಳಿಗ್ಗೆ ಗಂಡ ಹೆಂಡತಿ ಒಟ್ಟಿಗೆ ಮನೆಯಿಂದ ಇಳಿದರು. ಅವಳು ಹೊಸ ಸೀರೆ, ಅವನು ಎಂದಿನ ಉಪಕರಣದ ಚೀಲ. ಡಬ್ಬಿ ಇಲ್ಲದ್ದು ಅವಳಿಗೆ ಕಾಣಿಸಿತ್ತು. ಬಾಯಿ ಬಿಡಲಿಲ್ಲ. ತಿರುವಿನ ಹತ್ತಿರ ಬಂದರು.

ಆಗ ಮೇಲಿನಿಂದ ಒಂದು ಶಿಳ್ಳೆ ಬಂತು. ಬಂದದ್ದು ಎಂದರೆ ಸಾಲದು. ಬೀದಿಯನ್ನು ಉದ್ದಕ್ಕೆ ಸೀಳಿಕೊಂಡು ಹೋಯಿತು. ಬಸ್ಸಿನ ಚಾಲಕ ಬ್ರೇಕ್ ಒತ್ತಿದ. ದರ್ಜಿಯ ಯಂತ್ರಗಳು ನಿಂತವು, ದರ್ಜಿಯ ತಲೆ ಹೊರಗೆ ಬಂತು. ಎದುರು ಕಟ್ಟಡದ ಸಜ್ಜೆಯ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಆಕಾಶದಲ್ಲಿ ಒಂದು ಸುತ್ತು ಹಾಕಿದವು.

ಗಂಡ ತಿರುಗಿದ. ಮೂರನೇ ಮಹಡಿಯ ಕಿಟಕಿಯಲ್ಲಿ ಅತ್ತೆ ನಿಂತಿದ್ದಳು, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯ ಬೆರಳು ಈಗಷ್ಟೇ ಬಾಯಿಂದ ಇಳಿಯುತ್ತಿತ್ತು. ಹಲ್ಲು ಅದರದೇ ಜಾಗದಲ್ಲಿ ಹೊಳೆಯುತ್ತಿತ್ತು.

"ಅದು ಹೊಡೆದದ್ದು ಅಮ್ಮಾನಾ?"

ರೇಡಿಯೋ ಮೋಡ ನೋಡಿದಳು.

"ಯಾವಾಗ ಕಲಿತಳು? ಯಾರು ಹೇಳಿಕೊಟ್ಟರು? ಏ, ನಿನಗೆ ಮೊದಲೇ ಗೊತ್ತಿತ್ತಾ?"

"ಓದುಗರ ವಿಷಯ," ಎಂದಳು ರೇಡಿಯೋ. "ನಾನು ಹೇಳೋ ಹಾಗಿಲ್ಲ."

ಅವನು ಡಬ್ಬಿಗಾಗಿ ವಾಪಸ್ ಓಡಿದ. ಅವನು ಬರುತ್ತಿರುವುದು ಕಾಣುತ್ತಿದ್ದರೂ ಅತ್ತೆ ಇನ್ನೊಂದು ಶಿಳ್ಳೆ ಹೊಡೆದಳು, ಅದರ ಹಿಂದೆಯೇ ಮತ್ತೊಂದು. ರೇಡಿಯೋ ಪೆಪ್ಪರಮೆಂಟೊಂದನ್ನು ಬಾಯಿಗೆ ಹಾಕಿಕೊಂಡು, ಅದನ್ನು ಅಗಿಯದೆ, ಮುಚ್ಚಿದ ಬಾಯಿಯೊಳಗೇ ನಗುತ್ತ ಗ್ರಂಥಾಲಯದ ಕಡೆಗೆ ನಡೆದಳು.